ಸಿ, ಆದ್ರೆ ಚಂದ

ಆಷಾಢದ ಒಂದು ರಾತ್ರಿ ನನ್ನ ಗಿಟಾರಿನ ಎರಡನೇ ತಂತಿ ಪಟ್ ಅಂತ ಹರಿಯಿತು. ಶಿರಸಿ ಸೀಮೆಯ ಮಳೆಗಾಲದಲ್ಲಿ ಇದೇನೂ ಸುದ್ದಿಯಲ್ಲ. ಚಪ್ಪಲಿಗೂ ಬೂಸ್ಟು ಬರುವ ಊರಿನಲ್ಲಿ ತಂತಿಗೆ ತುಕ್ಕು ಹಿಡಿಯದೆ ಇನ್ನೇನಾದೀತು? ಆರು ತಂತಿಯ ಹೊಸ ಸೆಟ್ ಇತ್ತು. ಹಾಕಿದರೆ ಆರನ್ನೂ ಒಟ್ಟಿಗೆ ಹಾಕಬೇಕು. ನಾನು ಹರಿದದ್ದೊಂದನ್ನು ಬದಲಿಸಿ, ಉಳಿದ ಐದನ್ನು ಸುತ್ತಿ ಕಪಾಟಿನಲ್ಲಿಟ್ಟೆ. ಅಡಿಕೆ ರೇಟು ನೋಡಿಕೊಂಡು ಖರ್ಚು ಮಾಡುವ ಮನೆಯಲ್ಲಿ ಹುಟ್ಟಿದವನು ನಾನು.

ಟ್ಯೂನ್ ಮಾಡಿಟ್ಟು, ಒಳಗೆ ಹೋಗಿ ಒಂದು ಲೋಟ ಕಷಾಯ ಕುಡಿದು ಬಂದೆ. ಸುಮ್ನೆ ಸಿ ಮೇಜರ್ ಅನ್ನುವ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಹಿಡಿದು ಮೀಟಿದರೆ, ಅಬ್ಬಾ! ಇಷ್ಟು ವರ್ಷ ಹಿಡಿದ ಸಿ ಇದಲ್ಲ. ಹೆದರಿಕೊಂಡೇ ಎ ಮೈನರ್ ಹಿಡಿದೆ. ಅದೂ ಅಷ್ಟೇ. ಅಳಬೇಕೋ ಬೇಡವೋ ಅಂತ ಇನ್ನೂ ನಿಶ್ಚಯ ಮಾಡದ ಮಗುವಿನ ಹಾಗೆ ಕೇಳಿಸಿತು. ಹೆಂಚಿನ ಮೇಲೆ ಮಳೆ, ಕೈಯಲ್ಲಿ ಈ ಎರಡು ಕಾರ್ಡು. ಹನ್ನೊಂದು ಗಂಟೆಯೊಳಗೆ ಹಾಡು ಮುಗಿದಿತ್ತು. ಫೋನಿನಲ್ಲಿ ರೆಕಾರ್ಡ್ ಮಾಡಿ, ಪುಸ್ತಕದಲ್ಲಿ ಸಾಲುಗಳ ಮೇಲೆ ಬರೆದೆ: 'ಸಿ, ಆದ್ರೆ ಚಂದ. ಎ ಮೈನರ್, ಆದ್ರೆ ಬೇರೆ ಥರ.'

ನಗಬೇಡಿ. ನನ್ನ ಪುಸ್ತಕದಲ್ಲಿ ಇಂಥ ಹೆಸರು ಬೇಕಾದಷ್ಟಿವೆ. 'ಕಿರುಬೆರಳು ಸೆಟೆಯುವ ಕಾರ್ಡ್', 'ಬಸ್ಸಿನ ಹಾರ್ನ್', 'ಎಫ್ಫಿನ ಭಾವ'. ಬರೆಯುವಾಗ ಎಲ್ಲವೂ ಸ್ಪಷ್ಟವಾಗಿಯೇ ಇರುತ್ತದೆ. ತಿಂಗಳು ಕಳೆದು ತೆಗೆದು ನೋಡಿದರೆ ಬೇರೆ ಯಾರೋ ಬರೆದಿಟ್ಟು ಹೋದ ಹಾಗೆ.

ಮರುದಿನ ಬೆಳಿಗ್ಗೆ ಗಿಟಾರ್ ತೆಗೆದು, ದಿನಾ ಮಾಡುವ ಹಾಗೆ ಟ್ಯೂನ್ ಮಾಡಿ, ಸಿ ಹಿಡಿದೆ. ಶಾಲೆಯ ಪ್ರಾರ್ಥನೆ ಥರ ಕೇಳಿಸಿತು. ಎ ಮೈನರ್ ಹಿಡಿದೆ. ಮಾಮೂಲು ಎ ಮೈನರ್. ರಾತ್ರಿಯ ರೆಕಾರ್ಡಿಂಗ್ ಹಾಕಿದರೆ ಅದರಲ್ಲಿ ಮಾತ್ರ ಚಂದ. ಅಂದರೆ ಬೆರಳು ನನಗೆ ಗೊತ್ತಿಲ್ಲದೆ ಏನೋ ಜಾಸ್ತಿ ಮಾಡಿದೆ ಅಂತ ತೀರ್ಮಾನಕ್ಕೆ ಬಂದೆ.

ಅಲ್ಲಿಂದ ಹದಿನೈದು ದಿನ ಹುಡುಕಾಟ. ಯಾವ ತಂತಿಯ ಎಷ್ಟನೇ ಮನೆ, ಅಂದರೆ ಗಿಟಾರಿನ ಕತ್ತಿನ ಮೇಲಿನ ಪಟ್ಟಿಗಳ ನಡುವಿನ ಜಾಗ, ಒತ್ತಿದೆ ಅಂತ ಹೇಳಿದರೆ ಕಾರ್ಡಿನ ಹೆಸರು ಹೇಳುವ ಆಪ್ ಒಂದನ್ನು ಹಾಕಿಕೊಂಡೆ. ಸಿ ಹಿಡಿದಲ್ಲೇ ತೋರುಬೆರಳು ತೆಗೆದು, ಕಿರುಬೆರಳನ್ನು ಎರಡನೇ ತಂತಿಯ ಮೂರನೇ ಮನೆಗೆ ಎಳೆದೆ. ಸಿ ಆಡ್ ನೈನ್ ಅಂದಿತು. ಚಂದವೇ, ಆದರೆ ಇದಲ್ಲ. ಸಿ, ಇ, ಜಿ, ಎ ಈ ನಾಲ್ಕು ಸ್ವರ ಕೂಡಿಸಿದರೆ ಒಮ್ಮೆ ಸಿ ಸಿಕ್ಸ್ ಅನ್ನುತ್ತದೆ, ಒಮ್ಮೆ ಎ ಮೈನರ್ ಸೆವೆನ್ ಅನ್ನುತ್ತದೆ. ಅವೇ ನಾಲ್ಕು ಸ್ವರ, ಎರಡು ಹೆಸರು! ಮೊದಲು ಸಿಟ್ಟು ಬಂತು. ಆಮೇಲೆ ನಮ್ಮ ಪೇಟೆ ನೆನಪಾಯಿತು. ಶಿರಸಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು 'ಹೆಗಡೇರೇ' ಅಂತ ಕೂಗಿದರೆ ಹತ್ತು ಜನ ತಿರುಗುತ್ತಾರೆ. ಯಾವ ಊರಿನ ಹೆಗಡೆ ಅಂತ ಹೇಳಿದ ಮೇಲೇ ಒಂಬತ್ತು ಜನ ತಮ್ಮ ದಾರಿ ಹಿಡಿಯುವುದು. ಕಾರ್ಡಿಗೆ ಆ ಊರು ಅಂದರೆ ಕೆಳಗಿನ ಸ್ವರ. ಕೆಳಗೆ ಸಿ ಕೂತಿದ್ದರೆ ಒಂದು ಹೆಸರು, ಎ ಕೂತಿದ್ದರೆ ಇನ್ನೊಂದು.

ಇದೆಲ್ಲ ತಿಳಿಯಿತು, ನನ್ನ ಕಾರ್ಡ್ ಮಾತ್ರ ಸಿಗಲಿಲ್ಲ. ಅತ್ತ ಅಪ್ಪಯ್ಯ ಜಗಲಿಯಲ್ಲಿ ಕೂತು ಅಡಿಕೆ ರಾಶಿಗೆ ಕೈ ಹಾಕಿ, ಇದು ಚಾಲಿ, ಇದು ಕೋಕ, ಇದು ಬಿಳೆಗೋಟು ಅಂತ ಕಣ್ಣೆತ್ತದೆ ಬೇರೆ ಮಾಡುತ್ತಿದ್ದರು. ನೋಡಿ ಹೊಟ್ಟೆ ಉರಿಯಿತು.

ಅಷ್ಟರಲ್ಲಿ ಕಾರವಾರದ ಗೆಳೆಯನ ಫೋನು. ಕೀಬೋರ್ಡ್ ನುಡಿಸುವವನು. ಭಾನುವಾರ ಅವನ ಮನೆಯಲ್ಲಿ ನಾಲ್ಕು ಜನ ಸೇರುವುದು ಅಂತ ಆಗಿತ್ತು. ಹಾಡಿನ ಕಾರ್ಡ್ ಕಳಿಸು ಅಂದ. ಪುಟದ ಫೋಟೋ ತೆಗೆದು ಕಳಿಸಿಬಿಟ್ಟೆ. ಎರಡು ನಿಮಿಷದಲ್ಲಿ ಉತ್ತರ ಬಂತು: 'ಸಿ ಆದ್ರೆ ಚಂದ ಅಂದ್ರೆ ಏನೋ? ನಾನು ನುಡಿಸೋ ಸಿ ಕುರೂಪವಾ?'

ಕೊನೆಗೆ ದಾರಿ ತೋರಿಸಿದ್ದು ಪಕ್ಕದ ಮನೆ ಮಾವ. ಗಿಟಾರನ್ನು ಜನ್ಮದಲ್ಲಿ ಮುಟ್ಟಿದವರಲ್ಲ. ತಾಳಮದ್ದಳೆಗೆ ಮದ್ದಲೆ ಬಾರಿಸುತ್ತಾರೆ. ಎಲೆಯಡಿಕೆ ಕವಳ ಹಾಕಲು ಬಂದವರಿಗೆ ರೆಕಾರ್ಡಿಂಗ್ ಕೇಳಿಸಿದೆ. ಬಾಯಿ ತುಂಬ ಕವಳ, ಮಾತಾಡುವ ಹಾಗಿಲ್ಲ. ಒಂದು ಕೈ ಎತ್ತಿ 'ತಡಿ' ಅಂತ ಸನ್ನೆ ಮಾಡಿದರು. ಕಣ್ಣು ಮುಚ್ಚಿದರು. ಹಾಡು ಮುಗಿಯಿತು, ಕೈ ಇಳಿಯಲಿಲ್ಲ. ನಿಧಾನ ಎದ್ದು ಜಗಲಿಯ ತುದಿಗೆ ಹೋಗಿ, ಮಳೆಗೇ ಉಗುಳಿ, ಬಾಯಿ ಒರೆಸಿಕೊಂಡು ಬಂದರು.

"ತಮಾ, ಒಂದು ತಂತಿ ಇಳದೋಜಲಾ."

ನನ್ನ ಮುಖವೂ ಇಳಿಯಿತು. ಹೊಸ ತಂತಿ ಒಂದೆರಡು ದಿನ ಜಗ್ಗುತ್ತಲೇ ಇರುತ್ತದೆ, ಶ್ರುತಿ ಇಳಿಯುತ್ತಲೇ ಇರುತ್ತದೆ. ಹಳೆಯ ಐದು ಇದ್ದಲ್ಲೇ ಇದ್ದವು. ನಾನು ಕಷಾಯ ಕುಡಿಯುವಷ್ಟರಲ್ಲಿ ಎರಡನೇ ತಂತಿ ಅರ್ಧ ಸ್ವರ ಇಳಿದಿದೆ. ಹಾಗಾಗಿ ಅದರ ಮೊದಲ ಮನೆ ಒತ್ತಿದರೆ ಸಿ ಬರುವ ಬದಲು ಬಿ ಬಂದಿದೆ. ಶ್ರುತಿ ಸರಿ ಇದ್ದಾಗ ಬಿ ಬರಬೇಕಾದರೆ ಏನು ಮಾಡಬೇಕು? ಆ ತಂತಿಯನ್ನು ಮುಟ್ಟಬಾರದು, ಅಷ್ಟೇ! ಸಿ ಹಿಡಿದು ತೋರುಬೆರಳು ಎತ್ತಿದೆ. ಬಂತು. ಎ ಮೈನರ್ ಹಿಡಿದು ಅದೇ ಬೆರಳು ಎತ್ತಿದೆ. ಅದೂ ಬಂತು. ಹದಿನೈದು ದಿನ ಬೆರಳನ್ನು ಎಲ್ಲಿ ಇಡುವುದು ಅಂತ ಹುಡುಕಿ ಕೈ ನೋವು ಮಾಡಿಕೊಂಡಿದ್ದೆ. ಗಿಟಾರ್ ಕಲಿಯುವ ಮಕ್ಕಳಿಗೂ ಬರುವ ಕಾರ್ಡುಗಳು ಇವು.

"ಇದಕ್ಕೆ ಹೆಸರೆಂತಡ?" ಅಂದರು ಮಾವ.

ಸಿ ಮೇಜರ್ ಸೆವೆನ್ ಅಂದೆ. ಏಳು ಎಂತಕ್ಕೆ ಅಂದರು. ನನ್ನ ಸಿ ಅಂದರೆ ಅವರ ಶ್ರುತಿ ಪೆಟ್ಟಿಗೆಯ ಬಿಳಿ ಒಂದು. ಅದನ್ನು ಷಡ್ಜ ಮಾಡಿದರೆ ಇದರಲ್ಲಿರುವುದು ಸ, ಗ, ಪ, ನಿ. ಏಳನೆಯದು ನಿ.

"ಹಂಗಾರೆ ನಿಷಾದ ಹೇಳಿರೆ ಆತಪ. ಇನ್ನೊಂದು?"

ಎ ಸಸ್ ಟೂ. ಸಸ್ ಅಂದರೆ ಸಸ್ಪೆಂಡ್ ಅಂದೆ. ಇಲ್ಲಿ ಗಾಂಧಾರ ಸಸ್ಪೆಂಡ್ ಆಗಿದೆ, ಅದರ ಕುರ್ಚಿಯಲ್ಲಿ ರಿಷಭ ಪ್ರಭಾರ. ಮಾವನಿಗೆ ಇದು ತಕ್ಷಣ ಅರ್ಥವಾಯಿತು. ಅವರು ನಿವೃತ್ತ ಗುಮಾಸ್ತರು.

ಪುಸ್ತಕದಲ್ಲಿ ಹಳೆಯದನ್ನು ಹೊಡೆದು, ಸರಿಯಾದ ಹೆಸರು ಬರೆದು, ಗೆಳೆಯನಿಗೆ ಮತ್ತೆ ಫೋಟೋ ಕಳಿಸಿದೆ. 'ಇಷ್ಟೇನಾ?' ಅಂತ ಬಂತು. ನಾನು ಫೋನ್ ನೋಡುತ್ತಿದ್ದಾಗ ಮಾವ ಇನ್ನೊಂದು ಕವಳಕ್ಕೆ ಎಲೆ ಒರೆಸುತ್ತ ನನ್ನ ಪುಸ್ತಕದ ಹಾಳೆ ಮಗುಚುತ್ತಿದ್ದರು. ಒಂದು ಕಡೆ ನಿಂತರು.

"ತಮಾ, ಈ ಎಫ್ಫಿನ ಭಾವ ಯಾವ ಊರವನಾ?"