ಸ್ಮಾರ್ಟ್ ಆದೆವಂತೆ, ಯಾವ ಅರ್ಥದಲ್ಲಿ?

ಹುಬ್ಬಳ್ಳಿ-ಧಾರವಾಡ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ್ದು 2016ರ ಸೆಪ್ಟೆಂಬರ್‌ನಲ್ಲಿ. ಯೋಜನೆಯ ಅವಧಿ 2025ರ ಮಾರ್ಚ್ 31ಕ್ಕೆ ಮುಗಿಯಿತು. ಅಂದರೆ ನಾವೀಗ ಸರ್ಕಾರಿ ಲೆಕ್ಕದಲ್ಲಿ ಸ್ಮಾರ್ಟ್ ಆಗಿ ಮುಗಿದವರು. ಇನ್ನು ಮೇಲೆ ನಮ್ಮನ್ನು ಯಾರೂ ಸ್ಮಾರ್ಟ್ ಮಾಡುವ ಹಾಗಿಲ್ಲ.

ಸ್ಮಾರ್ಟ್ ಅಂದರೆ ಏನು ಅಂತ ಮಾತ್ರ ಕೇಳಬೇಡಿ. ಕೇಂದ್ರ ಸರ್ಕಾರ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯೇ ಆ ವಿಷಯದಲ್ಲಿ ಕೈಚೆಲ್ಲಿದೆ. ಸ್ಮಾರ್ಟ್ ಸಿಟಿಗೆ ಎಲ್ಲರೂ ಒಪ್ಪುವಂಥ ವ್ಯಾಖ್ಯಾನ ಇಲ್ಲ, ಒಬ್ಬೊಬ್ಬರಿಗೆ ಅದು ಒಂದೊಂದು ಅಂತ ಅದರಲ್ಲೇ ಬರೆದಿದ್ದಾರೆ. ಒಟ್ಟು 100 ಊರು. ಊರಿಗೆ ಕೇಂದ್ರದಿಂದ 500 ಕೋಟಿ, ರಾಜ್ಯದಿಂದ ಅಷ್ಟೇ ಪಾಲು. ದುಡ್ಡಿಗೆ ಲೆಕ್ಕ ಇದೆ, ಅರ್ಥಕ್ಕಿಲ್ಲ. ಮನೆ ಕಟ್ಟೋ ಗೌಂಡಿ ಬಂದು 'ಮನಿ ಅಂದ್ರ ಒಬ್ಬೊಬ್ಬರಿಗೆ ಒಂದೊಂದ್ರಿ' ಅಂದರೆ ಅಡ್ವಾನ್ಸ್ ಕೊಡ್ತೀರಾ?

ಆಕ್ಸ್‌ಫರ್ಡ್ ನಿಘಂಟಿನವರು 'ರನ್' ಅನ್ನೋ ಕ್ರಿಯಾಪದ ಒಂದಕ್ಕೇ 645 ಅರ್ಥ ಕಂಡುಹಿಡಿದಿದ್ದಾರೆ. ಸ್ಮಾರ್ಟ್ ಅಷ್ಟು ಸಿರಿವಂತ ಪದವಲ್ಲ. ಜಾಣ, ಚುರುಕು, ನೀಟು, ನೋಡೋಕೆ ಚಂದ, ಒಳಗೊಂದು ಕಂಪ್ಯೂಟರ್ ಇರುವಂಥದ್ದು. ಇಷ್ಟರಲ್ಲೇ ನಾವು ದರ್ಬಾರು ನಡೆಸಿದೆವು. ತೋಳನಕೆರೆ ದಂಡೆಯಲ್ಲಿ ಸ್ಮಾರ್ಟ್ ಅಂದರೆ ನೀಟು. ಒಪ್ಪೋಣ, ಸಂಜೆ ಹೊತ್ತು ಅಡ್ಡಾಡಲು ಚೆನ್ನಾಗಿದೆ. ಇಂದಿರಾ ಗಾಜಿನ ಮನೆ ಪಾರ್ಕಿನಲ್ಲಿ ಪುಟಾಣಿ ರೈಲು ಬಂತು. ಅಲ್ಲಿ ಸ್ಮಾರ್ಟ್ ಅಂದರೆ ಏನು ಅಂತ ಮಕ್ಕಳನ್ನೇ ಕೇಳಬೇಕು.

ನಮ್ಮ ಕಡೆ ಇದಕ್ಕೆ ಸರಿಸಾಟಿ ಪದ ಇತ್ತು: ಶ್ಯಾಣ್ಯಾ. ಶ್ಯಾಣ್ಯಾ ನಗರ ಅಂತ ಬೋರ್ಡ್ ಹಾಕಿದ್ದರೆ ದುರ್ಗದ ಬೈಲಿನಲ್ಲಿ ಗಿರಮಿಟ್ ತಿನ್ನುವವರೆಲ್ಲ ಎದ್ದುಬಿದ್ದು ನಗುತ್ತಿದ್ದರು. ಯಾಕೆಂದರೆ 'ಭಾಳ ಶ್ಯಾಣ್ಯಾ ಅದೀ ಬಿಡಪಾ' ಅನ್ನೋದು ಹೊಗಳಿಕೆ ಅಲ್ಲ ಅಂತ ಇಲ್ಲಿ ಕೂಸಿಗೂ ಗೊತ್ತು. ಹುಬ್ಬಳ್ಳಿ-ಧಾರವಾಡದ ನಡುವೆ ಬೇಗ ಓಡಲೆಂದು ತಂದ ಬಿಆರ್‌ಟಿಎಸ್ ಬಸ್ಸಿಗೆ ಯಾರೋ ಪುಣ್ಯಾತ್ಮರು ಚಿಗರಿ, ಅಂದರೆ ಜಿಂಕೆ, ಅಂತ ಹೆಸರಿಟ್ಟರು. ಹೆಸರು ಕೇಳಿದರೆ ಸಾಕು, ಅದು ಏನು ಮಾಡಬೇಕು ಅಂತ ತಿಳಿಯುತ್ತದೆ. ಮಾಡದಿದ್ದರೆ ಬೈಯಲೂಬಹುದು. ಸ್ಮಾರ್ಟ್ ಅಂದರೆ ಆ ಸುಖ ಇಲ್ಲ.

ಹಾಗಂತ ಈ ಪದ ಪೂರ್ತಿ ಸುಳ್ಳೂ ಅಲ್ಲ. ಇಂಗ್ಲಿಷಿನಲ್ಲಿ ಸ್ಮಾರ್ಟ್‌ನ ಹಳೇ ಅರ್ಥ ಉರಿ, ಚುರುಚುರು ನೋವು. ಚುರುಕು, ಜಾಣ, ಚಂದ ಎಲ್ಲ ಆಮೇಲೆ ಬಂದವು. ಕಣ್ಣು ಉರಿದರೆ ಇವತ್ತಿಗೂ ಅವರು 'ಸ್ಮಾರ್ಟ್ ಆಗ್ತಿದೆ' ಅಂತಾರೆ. ಬೇಸಿಗೆ ಮಧ್ಯಾಹ್ನ ಹೆಲ್ಮೆಟ್ ಗಾಜು ಏರಿಸಿಕೊಂಡು ಚೆನ್ನಮ್ಮ ಸರ್ಕಲ್‌ನಿಂದ ಹಳೇ ಹುಬ್ಬಳ್ಳಿ ಕಡೆ ಬೈಕಿನಲ್ಲಿ ಹೋಗಿ. ರೆಪ್ಪೆ ಮೇಲೆ ಕೆಂಪು ಧೂಳು, ಹಲ್ಲಿನ ನಡುವೆ ಕರಕರ ಮರಳು, ಕಣ್ಣಲ್ಲಿ ನೀರು. ತಗ್ಗಿಗೆ ಇಳಿದಾಗ ಸೊಂಟಕ್ಕೂ ಸ್ವಲ್ಪ ಸ್ಮಾರ್ಟ್ ಆಗುತ್ತದೆ. ಈ ಅರ್ಥದಲ್ಲಿ ನೋಡಿದರೆ ನಾವು 2016ಕ್ಕೂ ಎಷ್ಟೋ ಮೊದಲೇ ಸ್ಮಾರ್ಟ್. ಸುಮ್ನೆ ಅರ್ಜಿ ಹಾಕಿದೆವು ಅಷ್ಟೇ.

ಧಾರವಾಡ ಸೀಮೆಯಲ್ಲಿ ಬಾಳಿದ ಕಿಟೆಲ್ ಸಾಹೇಬರ ಕನ್ನಡ-ಇಂಗ್ಲಿಷ್ ನಿಘಂಟು ಬಂದದ್ದು 1894ರಲ್ಲಿ. ಅವರು ಪಾರಾದರು. ಇವತ್ತು ಕೂತಿದ್ದರೆ ಸ್ಮಾರ್ಟನ್ನೂ ಕನ್ನಡ ಪದ ಅಂತಲೇ ಸೇರಿಸಬೇಕಿತ್ತು. ಅರ್ಥ ಕೇಳೋಕೆ ಯಾವುದಾದರೂ ಕಚೇರಿಗೆ ಅಲೆಯಬೇಕಿತ್ತು. ಅಲ್ಲಿ ನಡೆಯೋ ಮಾತನ್ನು ನಾನೇ ಊಹಿಸಿ ಕೊಡ್ತೀನಿ:

"ಸಾಹೇಬ್ರ, ಗಟಾರ ತುಂಬಿ ರಸ್ತಾದ ಮ್ಯಾಲೆ ಹರಿಯಾಕ್ಹತ್ತೈತ್ರಿ."

"ಜೋರ್ ಹರಿತೈತೇನ್ರಿ?"

"ಭಾಳ ಜೋರ್ರಿ."

"ಚುರುಕ್ ಐತಲ್ರಿ ಮತ್ತ. ಸ್ಮಾರ್ಟ್ ಅಂದ್ರ ಅದ."

"ಬೀದಿ ದೀಪ ಹತ್ತವಲ್ವು."

"ಕಂಬ ನೋಡಾಕ ಚಂದ ಅದಾವಿಲ್ರಿ?"

"ಅದಾವ್ರಿ. ಮತ್ತ ನಳದ ನೀರು ಯಾವತ್ತ ಬಿಡ್ತೀರಿ?"

"ನೀವು ಭಾಳ ಶ್ಯಾಣ್ಯಾ ಆಗಬ್ಯಾಡ್ರಿ."