ಅವರಿಗೆ ತಲ, ನಮಗೆ ಕಪ್

ನಾನಿರುವ ಚೆನ್ನೈನಲ್ಲಿ ಐಪಿಎಲ್ ಶುರುವಾದರೆ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಮಾತೆಲ್ಲ ಒಬ್ಬರ ಸುತ್ತಲೇ. ಧೋನಿ ಅಂದರೆ ತಲ (ತಮಿಳಿನಲ್ಲಿ ನಾಯಕ), ರೈನಾ ಅಂದರೆ ಚಿನ್ನ ತಲ (ಚಿಕ್ಕ ನಾಯಕ). ಧೋನಿ ಜೆರ್ಸಿ ನಂಬರ್ 7. ಹಾಗಾಗಿ ಎಲ್ಲಿ 7 ಕಂಡರೂ 'ತಲ ಫಾರ್ ಎ ರೀಸನ್' ಅಂತ ಹಾಕ್ತಾರೆ. ಯಾರೋ 25 ರನ್ ಹೊಡೆದರೂ ಬಿಡಲ್ಲ. 2 ಮತ್ತು 5 ಕೂಡಿಸಿದರೆ 7 ಅಲ್ವಾ!

ಈ ಪ್ರೀತಿ ನನಗೆ ಇಷ್ಟ. ಒಬ್ಬ ಆಟಗಾರನನ್ನು ಮನೆಯ ಹಿರಿಯನ ಹಾಗೆ ನೋಡಿಕೊಳ್ಳುವುದನ್ನು ಇವರಿಂದ ಕಲಿಯಬೇಕು. ಆದರೆ ಅಭಿಮಾನಿಗಳ ಘೋಷಣೆ ಅಂತ ಬಂದರೆ ನನ್ನ ಓಟು ನಮ್ಮ ಬೆಂಗಳೂರು ತಂಡ ಆರ್‌ಸಿಬಿಯ 'ಈ ಸಲ ಕಪ್ ನಮ್ದೇ'ಗೆ.

ಚೆನ್ನೈನವರ 'ವಿಸಲ್ ಪೋಡು' ತಂಡದ ಹಾಡಿನಿಂದ ಬಂದದ್ದು. ಕೋಲ್ಕತ್ತದವರ 'ಕೋರ್ಬೋ ಲೋರ್ಬೋ ಜೀತ್ಬೋ' ಕೂಡ ಹಾಗೇ. ನಮ್ಮದು ಬೆಳೆದದ್ದು ಜನರ ಬಾಯಲ್ಲಿ. ಅದರಲ್ಲಿ ಯಾವ ಆಟಗಾರನ ಹೆಸರೂ ಇಲ್ಲ. ಇರುವುದು ಕಪ್, ಮತ್ತೆ ನಾವು. ಕೊಹ್ಲಿ ಶೂನ್ಯಕ್ಕೆ ಔಟಾದ ದಿನವೂ ಹೇಳಬಹುದು.

2009, 2011, 2016, ಮೂರು ಫೈನಲ್ ಸೋತಿದ್ದೆವು. ಬೇರೆ ತಂಡದವರು 'ಈ ಸಲ ಕಪ್ ನಹೀ' (ಕಪ್ ಇಲ್ಲ) ಅಂತ ಆಡಿಕೊಂಡರು. ಡು ಪ್ಲೆಸಿ ನಮ್ಮ ನಾಯಕರಾಗಿದ್ದಾಗ ಅವರ ಬಾಯಲ್ಲೂ ತಪ್ಪಿ ಅದೇ ಬಂತು. ಪಕ್ಕದಲ್ಲಿದ್ದ ಕೊಹ್ಲಿಗೆ ನಗು ತಡೆಯಲಾಗಲಿಲ್ಲ. ಆದರೆ ಹಾಗೆ ಆಡಿಕೊಳ್ಳಬೇಕಾದರೂ 'ಈ ಸಲ' ಅಂತ ಕನ್ನಡದಲ್ಲೇ ಶುರುಮಾಡಬೇಕಿತ್ತು! ಕನ್ನಡದ ಗಂಧವೇ ಇಲ್ಲದ ಎಷ್ಟೋ ಜನ ಕಲಿತ ಮೊದಲ ಕನ್ನಡ ವಾಕ್ಯ ಇದೇ ಇರಬೇಕು. 2024ರ ಮಾರ್ಚ್‌ನಲ್ಲಿ ನಮ್ಮ ಮಹಿಳೆಯರ ತಂಡ ಡಬ್ಲ್ಯುಪಿಎಲ್ (ಮಹಿಳೆಯರ ಐಪಿಎಲ್) ಗೆದ್ದಾಗ ನಾಯಕಿ ಸ್ಮೃತಿ ಮಂಧಾನ, ಮಹಾರಾಷ್ಟ್ರದ ಸಾಂಗ್ಲಿಯ ಹುಡುಗಿ, ಮೈಕಿನ ಮುಂದೆ 'ಈ ಸಲ ಕಪ್ ನಮ್ದು' ಅಂದರು. ಕರ್ನಾಟಕದ ಹೊರಗಿರುವ ನನ್ನಂಥವರಿಗೆ ಅದು ಎಷ್ಟು ದೊಡ್ಡ ಖುಷಿ ಅಂತ ಊರಲ್ಲಿರುವವರಿಗೆ ಸುಲಭಕ್ಕೆ ಗೊತ್ತಾಗಲಿಕ್ಕಿಲ್ಲ.

2025ರ ಜೂನ್ 3ರಂದು ಅಹಮದಾಬಾದಿನ ಫೈನಲ್‌ನಲ್ಲಿ ಪಂಜಾಬ್ ವಿರುದ್ಧ 6 ರನ್‌ಗಳಿಂದ ಗೆದ್ದೆವು. ಅದು 18ನೇ ಸೀಸನ್, ಕೊಹ್ಲಿ ಜೆರ್ಸಿ ನಂಬರೂ 18. ಚೆನ್ನೈನವರ ಲೆಕ್ಕದ ಹುಚ್ಚು ನಮಗೂ ಹತ್ತಿತು. ಹತ್ತಲಿ ಬಿಡಿ, ಅಷ್ಟು ಕಾದಿದ್ದೆವು. ಕಪ್ ಬಂತಲ್ಲ, ಇನ್ನು ಈ ಮಾತು ಯಾಕೆ ಅನ್ನುವವರಿದ್ದಾರೆ. ನಾನು ಒಪ್ಪಲ್ಲ. 'ಈ ಸಲ' ಪ್ರತಿ ವರ್ಷ ಹೊಸದಾಗಿ ಬರುತ್ತದೆ.

ನನಗೆ ನೋವಾಗುವುದು ಬೇರೆ ವಿಷಯಕ್ಕೆ. 2023ರ ಮೇನಲ್ಲಿ ಗುಜರಾತ್ ತಂಡದ ಶುಭ್‌ಮನ್ ಗಿಲ್ ಚಿನ್ನಸ್ವಾಮಿಯಲ್ಲಿ ಶತಕ ಹೊಡೆದು ನಮ್ಮನ್ನು ಹೊರಹಾಕಿದರು. ಆ ರಾತ್ರಿ ಅವರ ಅಕ್ಕನಿಗೆ ಇಂಟರ್ನೆಟ್‌ನಲ್ಲಿ ಹೊಲಸು ಬೈಗುಳ ಬಂದವು. ಬೈದವರು ನಮ್ಮ ತಂಡದ ಅಭಿಮಾನಿಗಳು ಅಂತ ಹೇಳಿಕೊಳ್ಳುವವರು. ಗಿಲ್ ಆಟಕ್ಕೂ ಆ ಹುಡುಗಿಗೂ ಏನು ಸಂಬಂಧ? ಟ್ರೋಲ್ ಮಾಡಿ, ಕಾಲೆಳೆಯಿರಿ, ಮೀಮ್ ಹಾಕಿ, ಅದರಲ್ಲಿ ಮಜಾ ಇದೆ. ಮನೆಯವರನ್ನು ಎಳೆದು ತಂದರೆ ಅದು ಅಭಿಮಾನ ಅಲ್ಲ. ಅಂಥ ಪೋಸ್ಟ್ ಕಂಡರೆ 'ನಮ್ಮವರು ತಾನೇ' ಅಂತ ಸುಮ್ನೆ ಇರಬೇಡಿ, ರಿಪೋರ್ಟ್ ಮಾಡಿ.