‘7 ತೀವ್ರತೆ ಬಂದರೆ ದೇಶವೇ ಮುಗೀತು’ ಅನ್ನೋದು ನಿಜವಲ್ಲ

ಹಾಸನದ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘7 ತೀವ್ರತೆಯ ಭೂಕಂಪ ಆದರೆ ಯಾವ ದೇಶವೂ ಚೇತರಿಸಿಕೊಳ್ಳಲ್ಲ, ಹೈಟಿಯನ್ನೇ ನೋಡಿ.’ ಹೈಟಿಯ ಕಥೆ ನಿಜ. 2010ರ ಜನವರಿ 12ರಂದು ಅಲ್ಲಿ 7.0 ತೀವ್ರತೆಯ ಕಂಪನವಾಗಿ ಲಕ್ಷಕ್ಕೂ ಜಾಸ್ತಿ ಜನ ಸತ್ತರು. ನಷ್ಟದ ಅಂದಾಜು ಸುಮಾರು 780 ಕೋಟಿ ಡಾಲರ್, ಅಂದರೆ ಆ ದೇಶದ ಒಂದು ವರ್ಷದ ಒಟ್ಟು ಉತ್ಪನ್ನಕ್ಕಿಂತಲೂ ಹೆಚ್ಚು.

ಆದರೆ ಕಾರಣ ಬರೀ 7 ಅಲ್ಲ. ಅದೇ ವರ್ಷ ಫೆಬ್ರವರಿ 27ರಂದು ಚಿಲಿಯಲ್ಲಿ 8.8 ಬಂತು. ಎರಡರಷ್ಟೂ ವ್ಯತ್ಯಾಸ ಇಲ್ವಲ್ಲ ಅನ್ನಬೇಡಿ. ಒಂದೊಂದು ಅಂಕಿಗೂ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಲೆಕ್ಕ ಹಾಕಿದರೆ ಹೈಟಿಯದ್ದಕ್ಕಿಂತ 500 ಪಟ್ಟು! ಸತ್ತವರು ಮಾತ್ರ, ಸುನಾಮಿಗೆ ಸಿಕ್ಕವರೂ ಸೇರಿ, 500ರ ಆಸುಪಾಸು. ಹಣದ ನಷ್ಟ ದೊಡ್ಡದೇ, ಸುಮಾರು 3,000 ಕೋಟಿ ಡಾಲರ್. ಆದರೂ ದೇಶ ತಡೆದುಕೊಂಡಿತು.

1960ರಲ್ಲಿ 9.5 ತೀವ್ರತೆಯ ಪೆಟ್ಟು ತಿಂದಿದ್ದ ಚಿಲಿ ಕಟ್ಟಡ ನಿಯಮ ಬಿಗಿ ಮಾಡಿಕೊಂಡಿತ್ತು. ಹೈಟಿಯಲ್ಲಿ ಕಬ್ಬಿಣ ಸಾಲದ ಕಂಬ, ಮೇಲೆ ಭಾರದ ಕಾಂಕ್ರೀಟ್ ತಾರಸಿ. (ಇಂಥ ಮನೆ ಹುಡುಕಲು ನಾವೂ ದೂರ ಹೋಗಬೇಕಿಲ್ಲ, ಬಿಡಿ.) ಕಂಪನದ ಕೇಂದ್ರ ರಾಜಧಾನಿಯಿಂದ ಬರೀ 25 ಕಿ.ಮೀ. ದೂರ. ಅಧ್ಯಕ್ಷರ ಅರಮನೆ ಕುಸಿಯಿತು, ಬಂದರೂ ಹಾಳಾಯಿತು. ಹಡಗಿನಲ್ಲಿ ಬಂದ ಪರಿಹಾರದ ಸಾಮಾನು ಇಳಿಸುವುದೇ ಕಷ್ಟವಾಯಿತು.